ಊಟಿಗೆ ಹೊರಟಿದ್ದೀರಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಊಟಿಯದ್ದೇ ಕಾರುಬಾರು. ಹಾಗಾಗಿ ಬೇರೆ ಊರುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಪೂರ್ತಿ ಜಾಗ ನೀಲಗಿರಿಗೇ ಕೊಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಊಟಿ ಪೇಟೆಯೊಳಗೆ ಕಾರು ಓಡಿಸಿಕೊಂಡು ಒಂದೇ ದಿನ ಹತ್ತು ಜಾಗ ನೋಡುವ ಆಸೆ ಬಿಟ್ಟುಬಿಡಿ. ಪೇಟೆಗೆ ಅರ್ಧ ದಿನ ಸಾಕು. ಉಳಿದ ಸಮಯ ಸುತ್ತಲಿನ ಬೆಟ್ಟಕ್ಕೆ, ಹಳ್ಳಿಗೆ, ರೈಲಿಗೆ ಕೊಡಿ. ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಅಪ್ಪ ಅಮ್ಮ, ಮಕ್ಕಳು ಸೇರಿ ಆರು ಜನ. ಮೇ ಮೊದಲ ವಾರ ನಮ್ಮ ಕಾರಿನಲ್ಲೇ ಮೈಸೂರು ಮೇಲೆ ಊಟಿಗೆ ಹೋಗೋಣ ಅಂತಿದ್ದೇವೆ. ಇ-ಪಾಸ್ ಬೇಕಂತೆ, ನಿಜಾನಾ? ಮಸಿನಗುಡಿ ದಾರಿ ಒಳ್ಳೆಯದೋ, ಗೂಡಲೂರು ದಾರಿಯೋ?
— ಓದುಗರೊಬ್ಬರು, ಹಾಸನ

ಹೊರಗಿನ ಗಾಡಿ ನೀಲಗಿರಿಗೆ ಹೋಗಬೇಕಾದರೆ ಇ-ಪಾಸ್ ಬೇಕೇ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೂ ಕೊಡೈಕನಾಲ್‌ಗೂ ಇದು ಬಂತು. ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣದಲ್ಲಿ ಮೊಬೈಲ್ ನಂಬರು, ಗಾಡಿ ನಂಬರು, ಎಷ್ಟು ಜನ, ಯಾವತ್ತು ಬರುವುದು, ಯಾವತ್ತು ಹೊರಡುವುದು, ಎಲ್ಲಿ ಉಳಿಯುವುದು ಇಷ್ಟು ತುಂಬಿಸಿದರೆ ಆಯಿತು. ಇದಕ್ಕೆ ದುಡ್ಡಿಲ್ಲ. ಯಾರಾದರೂ ಪಾಸ್ ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳಿದರೆ ಕೊಡಬೇಡಿ. 2025ರ ಬೇಸಿಗೆಯಲ್ಲಿ ಕೋರ್ಟು ಇದಕ್ಕೊಂದು ಮಿತಿಯನ್ನೂ ಹಾಕಿತು. ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000. ಮಿತಿ ಮುಗಿದ ಮೇಲೆ ಆ ದಿನಕ್ಕೆ ಪಾಸ್ ಸಿಗುವುದಿಲ್ಲ. ಹಾಗಾಗಿ ರೂಮು ಬುಕ್ ಮಾಡಿದ ದಿನವೇ ಪಾಸೂ ತೆಗೆದುಕೊಳ್ಳಿ, ಗಡಿಯಲ್ಲಿ ನಿಂತು ಮಾಡೋಣ ಅಂತ ಇಟ್ಟುಕೊಳ್ಳಬೇಡಿ. ಕಾಡಿನೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಪಾಸಿನ ಚಿತ್ರ ಫೋನಿನಲ್ಲಿ ಉಳಿಸಿಕೊಂಡಿರಿ. ನಿಯಮ ಬದಲಾಗುತ್ತಾ ಇರುತ್ತದೆ, ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಸರ್ಕಾರಿ ಬಸ್ಸಿನಲ್ಲೋ ರೈಲಿನಲ್ಲೋ ಹೋಗುವವರಿಗೆ ಈ ತಲೆನೋವೇ ಇಲ್ಲ.

ಇನ್ನು ದಾರಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಶುರುವಾಗುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ರಸ್ತೆ ಬಂದ್. 2009ರಿಂದಲೂ ಹೀಗೇ ಇದೆ. ಆದರೂ ಪ್ರತಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಗೆ ಗೇಟಿನ ಮುಂದೆ ಮಕ್ಕಳನ್ನು ಕಟ್ಟಿಕೊಂಡು ಪರದಾಡುವ ಸಂಸಾರಗಳು ಇದ್ದೇ ಇರುತ್ತವೆ. ವಾಪಸ್ ಬರುವ ದಿನ ಊಟಿಯನ್ನು ಮಧ್ಯಾಹ್ನವೇ ಬಿಡಿ. ಕಾಡಿನಲ್ಲಿ ಎಲ್ಲೂ ನಿಲ್ಲಿಸಬೇಡಿ, ಜಿಂಕೆಗೆ ಬಿಸ್ಕತ್ತು, ಮಂಗನಿಗೆ ಚಿಪ್ಸ್ ಅಂತ ಎಸೆಯಬೇಡಿ. ಹಾಗೆ ಎಸೆದದ್ದು ತಿನ್ನಲು ಬಂದು ರಸ್ತೆಯಲ್ಲೇ ಚಕ್ರಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೆಕ್ಕನಹಳ್ಳದ ಗಡಿ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಘಾಟಿ. ಊಟಿಗೆ ಸುಮಾರು 36 ಕಿಲೋಮೀಟರ್, 36 ಹೇರ್‌ಪಿನ್ ತಿರುವು. ಗೂಡಲೂರು ಮೇಲೆ ಹೋದರೆ ದೂರ ಹೆಚ್ಚುಕಡಿಮೆ ಎರಡರಷ್ಟು, ಆದರೆ ಏರು ನಿಧಾನ. ಆರು ಜನ, ಲಗೇಜು, ಜೊತೆಗೆ ವಯಸ್ಸಾದವರು ಇರುವಾಗ ಗೂಡಲೂರು ದಾರಿಯೇ ಸರಿ. ನಡುವಟ್ಟಂ ದಾಟಿದ ಮೇಲೆ ಪೈಕಾರ, ಆಮೇಲೆ ಒಂಬತ್ತನೇ ಮೈಲಿಯ ಹುಲ್ಲುಗಾವಲು ಎಲ್ಲ ದಾರಿಯಲ್ಲೇ ಸಿಗುತ್ತವೆ. ಕಲ್ಲಟ್ಟಿಯಲ್ಲಿ ಹತ್ತುವುದಕ್ಕೆ ಬಿಡುತ್ತಾರೆ, ಹೊರಗಿನ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ. ಅಷ್ಟು ಕಡಿದು. ಬ್ರೇಕ್ ಕಾದು ಹಿಡಿಯದೇ ಹೋಗಿ ಪ್ರಾಣ ಹೋದ ಅಪಘಾತಗಳು ಅಲ್ಲಿ ಆಗಿವೆ.

ಯಾವ ಘಾಟಿಯೇ ಇರಲಿ, ಇಳಿಯುವಾಗ ಎರಡನೇ ಗೇರ್, ತೀರಾ ಕಡಿದಾದ ಕಡೆ ಒಂದನೇ ಗೇರ್. ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳಬೇಕು, ಬ್ರೇಕ್ ಅಲ್ಲ. ಆಟೋಮ್ಯಾಟಿಕ್ ಕಾರಾದರೆ ಎಲ್ ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿಕೊಳ್ಳಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿ ಬೇಡವೇ ಬೇಡ. ಸುಟ್ಟ ರಬ್ಬರಿನಂಥ ವಾಸನೆ ಬಂತೋ, ಅಗಲ ಇರುವ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ. ಮೇಲೆ ಬರುತ್ತಿರುವ ಗಾಡಿಗೆ ಯಾವಾಗಲೂ ದಾರಿ ಬಿಡಿ.

ಟಾಯ್ ಟ್ರೈನ್ ಟಿಕೆಟ್ ಯಾವತ್ತೂ ಸಿಗುವುದಿಲ್ಲವಲ್ಲ ಸಾರ್? ನಮ್ಮ ಮಗನಿಗೆ ಅದೊಂದೇ ಆಸೆ.
— ಬೆಂಗಳೂರಿನ ತಾಯಿ

ಸಿಗುತ್ತದೆ ಅಮ್ಮಾ, ಆದರೆ ಮೇ ತಿಂಗಳ ಟಿಕೆಟನ್ನು ಮಾರ್ಚಿನಲ್ಲೇ ನೋಡಬೇಕು. ರೈಲ್ವೆಯವರು ಈಗ 60 ದಿನ ಮೊದಲು ಬುಕಿಂಗ್ ತೆರೆಯುತ್ತಾರೆ. ಆವತ್ತು ಬೆಳಿಗ್ಗೆಯೇ ಕೂತು ಮಾಡಿಬಿಡಿ. ಜಾಲತಾಣದಲ್ಲಿ ಊಟಿ ಅಂತ ಹುಡುಕುವ ಬದಲು ಉದಗಮಂಡಲಂ ಅಂತ ಹಾಕಿ.

ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್. ಬೆಳಿಗ್ಗೆ ಏಳರ ಸುಮಾರಿಗೆ ಬಿಟ್ಟರೆ ಊಟಿ ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿ ಶುರುವಾಗಿ, 1908ರಲ್ಲಿ ಊಟಿಗೆ ಬಂತು. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಲ್ಲಾರ್ ದಾಟಿದ ಮೇಲೆ ಹಳಿಗಳ ನಡುವೆ ಹಲ್ಲಿರುವ ಕಂಬಿ ಶುರುವಾಗುತ್ತದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೆ, ಅಷ್ಟು ಕಡಿದು. ಎಂಜಿನ್ ಇರುವುದು ಹಿಂದೆ. ಡಬ್ಬಿಗಳನ್ನು ಕೆಳಗಿನಿಂದ ದೂಡಿಕೊಂಡು ಹೋಗುತ್ತದೆ, ಹಾಗಾಗಿ ಮುಂದಿನ ಡಬ್ಬಿಯಲ್ಲಿ ಕೂತವರಿಗೆ ಎದುರಿಗೆ ಬರೀ ಹಳಿ, ಸುರಂಗ, ಕಾಡು. ಪ್ರತಿ ಡಬ್ಬಿಗೂ ಒಬ್ಬ ಬ್ರೇಕ್‌ಮನ್ ಇರುತ್ತಾರೆ. ಕೈಯಲ್ಲಿ ಹಸಿರು, ಕೆಂಪು ಬಾವುಟ ಹಿಡಿದು ಬಾಗಿಲ ಹೊರಗಿನ ಪುಟ್ಟ ಕಟ್ಟೆಯ ಮೇಲೆ ನಿಂತು, ಹಿಂದಿನವರಿಗೆ ಸನ್ನೆ ಕೊಡುತ್ತಾ, ಬ್ರೇಕಿನ ಚಕ್ರ ತಿರುಗಿಸುತ್ತಾ ಇರುತ್ತಾರೆ. ಹಿಲ್‌ಗ್ರೋವ್ ಅನ್ನುವ ಕಾಡಿನ ನಿಲ್ದಾಣದಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ಆವಿಯ ಸದ್ದು, ಬಿಸಿ ಎಣ್ಣೆಯ ವಾಸನೆ, ಚಾ ಕುಡಿಯಲು ಇಳಿದವರ ಕೈಯಿಂದ ಬಿಸ್ಕತ್ತು ಕಿತ್ತುಕೊಳ್ಳಲು ಕಾದಿರುವ ಮಂಗಗಳು. ನಿಮ್ಮ ಮಗನನ್ನು ಅಲ್ಲಿ ಇಳಿಸಿ ಎಂಜಿನ್ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ಸೀಟಿ ಕೇಳಿದ ಕೂಡಲೇ ವಾಪಸ್ ಹತ್ತಿಸಿ.

ಪೂರ್ತಿ ಪ್ರಯಾಣದ ಟಿಕೆಟ್ ಸಿಗದಿದ್ದರೆ ಬೇಸರ ಬೇಡ. ಕೂನೂರು–ಊಟಿ ನಡುವೆ ದಿನಕ್ಕೆ ನಾಲ್ಕಾರು ರೈಲು ಓಡುತ್ತವೆ, ಒಂದು ಗಂಟೆ ಮೇಲೆ ಸ್ವಲ್ಪ. ಇಲ್ಲಿ ಉಗಿ ಎಂಜಿನ್ ಬದಲು ಡೀಸೆಲ್. ಆದರೆ ಕೇತಿ ಕಣಿವೆಯ ಕ್ಯಾರೆಟ್ ಹೊಲಗಳು, ಲವ್‌ಡೇಲ್‌ನ ಪುಟ್ಟ ನಿಲ್ದಾಣ ಈ ತುಂಡಿನಲ್ಲೇ ಬರುವುದು. ಬೆಂಗಳೂರಿನಿಂದ ಹೋಗುವವರು ರಾತ್ರಿ ರೈಲಿಗೆ ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಮೆಟ್ಟುಪಾಳ್ಯಕ್ಕೆ ಬಸ್ಸೋ ಪ್ಯಾಸೆಂಜರ್ ರೈಲೋ ಹಿಡಿಯಬಹುದು. ಬೆಳಗಿನ ಟಾಯ್ ಟ್ರೈನ್ ತಪ್ಪಬಾರದು ಅಂದರೆ ಹಿಂದಿನ ರಾತ್ರಿ ಮೆಟ್ಟುಪಾಳ್ಯದಲ್ಲೇ ಉಳಿಯುವುದು ಕ್ಷೇಮ.

ಉಳಿದುಕೊಳ್ಳಲು ಊಟಿಯೋ, ಕೂನೂರೋ? ಊಟಿಯಲ್ಲಿ ಈಗ ಚಳಿಯೇ ಇಲ್ಲ, ಬರೀ ಟ್ರಾಫಿಕ್ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ.
— ಹುಬ್ಬಳ್ಳಿಯಿಂದ

2024ರ ಏಪ್ರಿಲ್ ಕೊನೆಗೆ ಊಟಿಯಲ್ಲಿ 29 ಡಿಗ್ರಿ ಮುಟ್ಟಿತ್ತು. 2,240 ಮೀಟರ್ ಎತ್ತರದ ಊರಿಗೆ ಅದು ತುಂಬಾ ಜಾಸ್ತಿ. ಮಾಮೂಲಿ ಬೇಸಿಗೆಯಲ್ಲಿ ಅಷ್ಟಿರುವುದಿಲ್ಲ. ಸಂಜೆ ಆರರ ಮೇಲೆ ಸ್ವೆಟರ್ ಬೇಕೇ ಬೇಕು. ಟ್ರಾಫಿಕ್ ಮಾತು ಮಾತ್ರ ನಿಜ.

ನನ್ನನ್ನು ಕೇಳಿದರೆ ಕೋಟಗಿರಿಯಲ್ಲಿ ಉಳಿಯಿರಿ. ಊಟಿಗೆ ಸುಮಾರು 30 ಕಿಲೋಮೀಟರ್. ಕೂನೂರಿಗಿಂತಲೂ ಸದ್ದು ಕಡಿಮೆ, ಹವೆ ಹಿತ. ಅಲ್ಲಿಂದ ಕೊಡನಾಡು ವ್ಯೂ ಪಾಯಿಂಟಿಗೆ ಹೋಗಿ ನಿಂತರೆ ಕಾಲ ಕೆಳಗೆ ಮೋಯಾರ್ ಕಣಿವೆ, ಆಚೆಗೆ ನಮ್ಮ ಮೈಸೂರು ಸೀಮೆಯ ಬಯಲು ಕಾಣುತ್ತದೆ. ಕೋಟಗಿರಿ ಹತ್ತಿರದ ಕನ್ನೇರಿಮುಕ್ಕುವಿನಲ್ಲಿ ಜಾನ್ ಸಲಿವನ್ ಕಟ್ಟಿಸಿದ ಬಂಗಲೆ ಇದೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಅವನೇ 1819ರಲ್ಲಿ ಬೆಟ್ಟ ಹತ್ತಿ ಬಂದು, ಆಮೇಲೆ ಊಟಿ ಪೇಟೆ ಕಟ್ಟಿ, ಕೆರೆಯನ್ನೂ ಮಾಡಿಸಿದವನು. ಊಟಿ ಕೆರೆ ಅಂದರೆ ಹುಟ್ಟಿಕೊಂಡ ಕೆರೆ ಅಂತ ತುಂಬಾ ಜನ ತಿಳಿದಿದ್ದಾರೆ, ಅದು ಕಟ್ಟಿಸಿದ್ದು. ಕೋಟಗಿರಿ ಪೇಟೆ ಪಕ್ಕದಲ್ಲೇ ಲಾಂಗ್‌ವುಡ್ ಶೋಲಾ ಅಂತ ಹಳೆಯ ಕಾಡಿನ ತುಂಡೊಂದಿದೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಒಳಗೆ ಹೋಗಬಹುದು. ಒಳಗೆ ಕಾಲಿಟ್ಟ ಕೂಡಲೇ ಬೆಳಕು ಕಮ್ಮಿ, ನೆಲ ಮೆತ್ತಗೆ, ಕೊಂಬೆಗಳ ಮೇಲೆಲ್ಲ ಪಾಚಿ. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಬರುವುದು ಇಂಥ ಕಾಡಿನ ಝರಿಗಳಿಂದ. ಹುಲ್ಲುಗಾವಲು, ಶೋಲಾ ಅನ್ನುವ ಇಂಥ ಕಾಡು ಎರಡೂ ಇದ್ದರೇನೇ ನೀಲಗಿರಿಯಲ್ಲಿ ನೀರು. ಹಾಗಿದ್ದೂ ಆ ಜಾಗದಲ್ಲಿ ಎಕರೆಗಟ್ಟಲೆ ನೀಲಗಿರಿ ಮರ, ವ್ಯಾಟಲ್ ಮರ ನೆಟ್ಟು ಹಾಳುಮಾಡಿದ್ದು ದೊಡ್ಡ ನಷ್ಟ.

ಕೋಟಗಿರಿಯ ಹಳ್ಳಿಗಳಲ್ಲಿ ಹೆಚ್ಚಿನವರು ಬಡಗರು, ಅವರ ಮಾತು ಕನ್ನಡಕ್ಕೆ ಹತ್ತಿರ. ಅಲ್ಲಿನ ಅಜ್ಜಿಯರ ಹತ್ತಿರ ನಿಧಾನವಾಗಿ ಕನ್ನಡದಲ್ಲಿ ಮಾತಾಡಿ ನೋಡಿ. ಅರ್ಧಕ್ಕರ್ಧ ಅವರಿಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ, ತುಂಬಾ ಖುಷಿಪಡುತ್ತಾರೆ.

ಘಾಟಿ ಶುರುವಾದ ಕೂಡಲೇ ಮಗಳು ವಾಂತಿ ಮಾಡಿಕೊಳ್ಳುತ್ತಾಳೆ. ಏಳು ವರ್ಷ. ಏನು ಮಾಡಲಿ?
— ಗೃಹಿಣಿ, ದಾವಣಗೆರೆ

ತಿರುವು ಬರುವುದು ಕಿವಿಗೆ ಗೊತ್ತಾಗುತ್ತದೆ, ಕಣ್ಣು ಮಾತ್ರ ಮೊಬೈಲಿನಲ್ಲೋ ಮುಂದಿನ ಸೀಟಿನ ಮೇಲೋ ನೆಟ್ಟಿರುತ್ತದೆ. ಈ ಹೊಂದಾಣಿಕೆ ತಪ್ಪಿದಾಗಲೇ ಹೊಟ್ಟೆ ತೊಳಸುವುದು. ಘಾಟಿಯಲ್ಲಿ ಮೊಬೈಲ್ ಬೇಡ. ಕಿಟಕಿ ಸ್ವಲ್ಪ ತೆಗೆದಿಟ್ಟು ದೂರದ ಬೆಟ್ಟ ನೋಡಲು ಹೇಳಿ. ಬೆಳಿಗ್ಗೆ ಪೂರಿ, ಮಸಾಲೆದೋಸೆ ಬೇಡ, ಎರಡು ಇಡ್ಲಿ ಸಾಕು. ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಮಾತ್ರೆ ಕೊಡುವುದಾದರೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ, ಎಷ್ಟು ಕೊಡಬೇಕು ಅಂತ ತಿಳಿದುಕೊಂಡು, ಘಾಟಿ ಶುರುವಾಗುವ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಸುಮ್ನೆ ವೇಸ್ಟು. ಡ್ರೈವರ್ ಗಂಡನೇ ಆಗಿದ್ದರೆ ಅವರಿಗೂ ಒಂದು ಮಾತು ಹೇಳಿ: ತಿರುವಿಗೆ ಬಂದ ಮೇಲೆ ಬ್ರೇಕ್ ಒತ್ತುವುದಲ್ಲ, ಮೊದಲೇ ನಿಧಾನ ಮಾಡಿಕೊಂಡು ತಿರುಗಿಸಬೇಕು. ಅರ್ಧ ತೊಂದರೆ ಅದರಲ್ಲೇ ಹೋಗುತ್ತದೆ.

ಹೋದ ವರ್ಷ ಚೆಕ್‌ಪೋಸ್ಟಿನಲ್ಲಿ ನಮ್ಮ ನೀರಿನ ಬಾಟಲಿಗಳನ್ನೆಲ್ಲ ಕಿತ್ತುಕೊಂಡರು. ಚಿಕ್ಕ ಮಕ್ಕಳಿದ್ದರು. ಇದು ನ್ಯಾಯವಾ?
— ಮಂಡ್ಯದ ಓದುಗರು

ಮಕ್ಕಳಿದ್ದಾಗ ಸಿಟ್ಟು ಬರುವುದು ಸಹಜ. ಆದರೆ ನಿಯಮದ ಪರವಾಗಿ ನಾನು ನಿಲ್ಲುತ್ತೇನೆ. ನೀಲಗಿರಿಯಲ್ಲಿ ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ನೀರಿನ ಬಾಟಲಿ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಕವರ್ ಎಲ್ಲಕ್ಕೂ ನಿಷೇಧ ಇದೆ. ದಂಡವೂ ಬೀಳುತ್ತದೆ. ಕಾಡಂಚಿನಲ್ಲಿ ಉಪ್ಪು ಖಾರ ಹತ್ತಿದ ಪ್ಲಾಸ್ಟಿಕ್ ಕವರನ್ನು ಜಿಂಕೆ, ಆನೆಗಳು ಹಾಗೇ ನುಂಗಿಬಿಡುತ್ತವೆ. ಸ್ಟೀಲ್ ಬಾಟಲಿ ಒಯ್ಯಿರಿ, ಗುಂಡ್ಲುಪೇಟೆಯಲ್ಲಿ ತುಂಬಿಸಿಕೊಳ್ಳಿ. ಊಟಿಯಲ್ಲಿ ಅಲ್ಲಲ್ಲಿ ಕುಡಿಯುವ ನೀರಿನ ಎಟಿಎಂ ಇವೆ.

ಬೊಟಾನಿಕಲ್ ಗಾರ್ಡನ್, ಫಲಪುಷ್ಪ ಪ್ರದರ್ಶನ ನೋಡಲೇಬೇಕು ಅಂತ ಅತ್ತೆಯವರ ಹಟ. ಜನಜಂಗುಳಿಯಲ್ಲಿ ಹೇಗೆ?
— ತುಮಕೂರಿನಿಂದ

ಅತ್ತೆಯವರ ಆಸೆ ನ್ಯಾಯವಾದದ್ದೇ. ಪ್ರದರ್ಶನ ಮೇ ತಿಂಗಳಲ್ಲಿ ನಡೆಯುತ್ತದೆ, ದಿನಾಂಕ ನೋಡಿಕೊಂಡು ಮಂಗಳವಾರವೋ ಬುಧವಾರವೋ ಹೋಗಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಿ. ತೋಟ 55 ಎಕರೆ, ಇಳಿಜಾರಿನಲ್ಲಿದೆ. ಅತ್ತೆಯವರಿಗೆ ಮಂಡಿನೋವಿದ್ದರೆ ಕೆಳಗಿನ ಭಾಗ ಮಾತ್ರ ಸಾಕು. ಎರಡು ಕೋಟಿ ವರ್ಷ ಹಳೆಯದು ಅನ್ನುವ ಕಲ್ಲಾದ ಮರದ ಬೊಡ್ಡೆಯನ್ನು ತಪ್ಪಿಸಬೇಡಿ. ಕಾರು ರೂಮಿನ ಹತ್ತಿರವೇ ಬಿಟ್ಟು, ಸೀಸನ್ನಿನಲ್ಲಿ ಓಡುವ ಸರ್ಕ್ಯೂಟ್ ಬಸ್ಸಿನಲ್ಲೋ ಆಟೋದಲ್ಲೋ ಹೋಗಿ.

ಜನ ಜಾಸ್ತಿ ಅನ್ನಿಸಿದರೆ ಫರ್ನ್‌ಹಿಲ್ ಕಡೆ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯದ್ದೇ 38 ಎಕರೆಯ ತೋಟ ಇದೆ, ಗೊತ್ತಾ? ಮೈಸೂರು ಅರಸರ ಬೇಸಿಗೆ ಅರಮನೆ ಇದ್ದದ್ದೂ ಅದೇ ಫರ್ನ್‌ಹಿಲ್‌ನಲ್ಲಿ. ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುವವರಿಗೆ ಇಲ್ಲಿ ನೆಮ್ಮದಿ ಜಾಸ್ತಿ.

ತೋಡರ ಹಳ್ಳಿ ನೋಡಬೇಕು. ಸುಮ್ನೆ ಹೋದರೆ ಬಿಡುತ್ತಾರಾ?
— ಕಾಲೇಜು ವಿದ್ಯಾರ್ಥಿನಿ, ಉಡುಪಿ

ತೋಡರು ನೀಲಗಿರಿಯ ಬುಡಕಟ್ಟು ಜನ. ಅದು ಅವರ ಮನೆ, ಪ್ರದರ್ಶನವಲ್ಲ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಅವರ ಊರಿಗೆ ಮಂದ್ ಅನ್ನುತ್ತಾರೆ. ಬೊಟಾನಿಕಲ್ ಗಾರ್ಡನ್ ಮೇಲ್ಭಾಗದಲ್ಲೇ ಒಂದಿದೆ. ಮೊದಲು ಯಾರನ್ನಾದರೂ ಮಾತಾಡಿಸಿ, ಕೇಳಿ, ಆಮೇಲೆ ಒಳಗೆ ಹೋಗಿ. ಎಮ್ಮೆಗಳ ಹಾಲಿಗೆ ಸೇರಿದ ಗುಡಿಗಳಿವೆ, ಕಮಾನಿನ ಹಾಗೆ ಬಾಗಿದ ಹುಲ್ಲಿನ ಮಾಡು, ಬಗ್ಗಿ ತೆವಳಿಕೊಂಡು ಹೋಗುವಷ್ಟು ಚಿಕ್ಕ ಬಾಗಿಲು. ಆ ಗುಡಿಯ ಹತ್ತಿರ ಹೋಗಬೇಡಿ, ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಅಜ್ಜಿಯರ ಮುಖಕ್ಕೆ ಫೋನು ಹಿಡಿಯುವುದಂತೂ ಬೇಡ.

ಕಸೂತಿ ಮಾಡುತ್ತಿರುವ ಹೆಂಗಸರು ಸಿಕ್ಕಿದರೆ ಪಕ್ಕದಲ್ಲಿ ಕೂತು ನೋಡಿ. ಬಿಳಿ ಒರಟು ಬಟ್ಟೆ, ಕೆಂಪು ಕಪ್ಪು ನೂಲು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡು ಹಿಂಬದಿಯಿಂದಲೇ ಹೆಣೆಯುತ್ತಾ ಹೋಗುತ್ತಾರೆ. ನೇಯ್ಗೆಯಲ್ಲೇ ಬಂದದ್ದೇನೋ ಅನ್ನಿಸುವಷ್ಟು ಸಪಾಟು. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಒಂದು ಶಾಲಿಗೆ ವಾರಗಟ್ಟಲೆ ಹಿಡಿಯುತ್ತದೆ, ಬೆಲೆ ಕೇಳಿ ಚೌಕಾಸಿಗೆ ಇಳಿಯಬೇಡಿ. ದೊಡ್ಡದು ಕೊಳ್ಳಲಾಗದಿದ್ದರೆ ಪರ್ಸೋ, ಮೊಬೈಲ್ ಚೀಲವೋ ಅವರ ಕೈಯಿಂದಲೇ ತೆಗೆದುಕೊಳ್ಳಿ.

ಊಟಿಯಿಂದ ಏನು ತರಬೇಕು? ಚಾಕೊಲೇಟ್ ಬಿಟ್ಟು ಹೇಳಿ.
— ಶಿವಮೊಗ್ಗ

ವರ್ಕಿ. ಪದರ ಪದರವಾದ ಗರಿಗರಿ ತಿಂಡಿ, ಚಾ ಜೊತೆಗೆ ಎತ್ತಿದ ಕೈ. ಸೌದೆ ಒಲೆಯಲ್ಲಿ ಸುಡುವ ಬೇಕರಿ ಹುಡುಕಿ, ಬಿಸಿ ಇರುವಾಗಲೇ ಕಟ್ಟಿಸಿಕೊಳ್ಳಿ. ಚಾಪುಡಿಗೆ ಇಂಡ್‌ಕೋ ಅಂಗಡಿಗೆ ಹೋಗಿ. ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಒಕ್ಕೂಟ ಅದು. ಸುಮ್ನೆ ಕೊಳ್ಳುವ ಬದಲು ಒಂದು ಕಾರ್ಖಾನೆ ಒಳಗೂ ಹೋಗಿ ಬನ್ನಿ. ಬಾಡಿಸಲು ಹರಡಿದ ಎಲೆಯ ಹಸಿ ವಾಸನೆ, ಕತ್ತರಿಸಿದ ಮೇಲೆ ಹಸಿರು ಎಲೆ ಕಣ್ಣೆದುರಿಗೇ ತಾಮ್ರದ ಬಣ್ಣಕ್ಕೆ ತಿರುಗುವುದು, ಒಣಗಿಸುವ ಯಂತ್ರದಿಂದ ಕಪ್ಪಾಗಿ ಬೀಳುವುದು, ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ರಸ್ತೆಬದಿಯ ನೀಲಗಿರಿ ಎಣ್ಣೆಯಲ್ಲಿ ಕಲಬೆರಕೆ ಜಾಸ್ತಿ, ಬೇಡ. ಕೂನೂರು–ಮೆಟ್ಟುಪಾಳ್ಯ ದಾರಿಯ ಬರ್ಲಿಯಾರ್ ಮೇಲೆ ಹೋಗುವವರಿಗೆ ಮೇ, ಜೂನ್‌ನಲ್ಲಿ ರಸ್ತೆ ಪಕ್ಕ ಮ್ಯಾಂಗೋಸ್ಟೀನ್ ಸಿಗುತ್ತದೆ. ಅದೇ ಹೊತ್ತಿಗೆ ಹಲಸಿನ ಹಣ್ಣಿಗೆ ಆನೆಗಳೂ ಅಲ್ಲಿಗೆ ಬರುತ್ತವೆ, ಆನೆ ಕಂಡರೆ ಹಣ್ಣಿನ ಆಸೆ ಬಿಟ್ಟು ದೂರದಲ್ಲೇ ನಿಲ್ಲಿ.

ಪ್ರಶ್ನೆಯಲ್ಲ, ಒಂದು ಮನವಿ. ಕೆಲಸದ ಮೇಲೆ ಬಂದು ಕೂನೂರಿನಲ್ಲೇ ನೆಲೆಸಿದ ಕನ್ನಡದವಳು ನಾನು. ಮೇ ಬಂದರೆ ಆಸ್ಪತ್ರೆಗೆ ಹೋಗುವ ದಾರಿಯೂ ಕಟ್ಟಿಕೊಳ್ಳುತ್ತದೆ, ನಲ್ಲಿಯಲ್ಲಿ ನೀರು ಬರುವುದೇ ಅಪರೂಪ. ಬರುವವರಿಗೆ ಇದನ್ನು ದಯವಿಟ್ಟು ಹೇಳಿ.
— ಕೂನೂರಿನಿಂದ

ಹೇಳುತ್ತೇನೆ ಅಮ್ಮಾ, ನಿಮ್ಮ ಮಾತನ್ನೇ ಮೇಲೆ ಹಾಗೇ ಹಾಕಿದ್ದೇನೆ. ಓದುಗರೇ, ಬೇಸಿಗೆಯಲ್ಲಿ ನೀಲಗಿರಿಯ ಊರುಗಳಲ್ಲಿ ನೀರಿಗೆ ಕಷ್ಟ. ಬಿಸಿನೀರು ಸಿಕ್ಕಿತು ಅಂತ ಶವರ್ ಕೆಳಗೆ ಅರ್ಧ ಗಂಟೆ ನಿಲ್ಲಬೇಡಿ, ಬಕೆಟ್ ಕೇಳಿ ತೆಗೆದುಕೊಳ್ಳಿ. ತಿರುವಿನಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಯಬೇಡಿ, ಹಿಂದೆ ಆಂಬುಲೆನ್ಸ್ ಇದ್ದೀತು. ಸೀಸನ್ನಿನಲ್ಲಿ ಮೆಟ್ಟುಪಾಳ್ಯದ ಕಡೆಯಿಂದ ಕೂನೂರು ಮೇಲೆ ಹತ್ತಿಸಿ, ಕೋಟಗಿರಿ ಮೇಲೆ ಇಳಿಸುವ ಏಕಮುಖ ವ್ಯವಸ್ಥೆ ಮಾಡುತ್ತಾರೆ. ಪೊಲೀಸರು ತೋರಿಸಿದ ದಾರಿಯಲ್ಲೇ ಹೋಗಿ, ಮ್ಯಾಪ್ ಬೇರೆ ಹೇಳುತ್ತದೆ ಅಂತ ಅವರ ಹತ್ತಿರ ವಾದಕ್ಕೆ ನಿಲ್ಲಬೇಡಿ. ರಾತ್ರಿ ಹೊತ್ತು ಟೀ ತೋಟದ ನಡುವೆ ವಾಕಿಂಗ್ ಬೇಡ. ಕಾಡುಕೋಣಗಳು ಅಲ್ಲಿ ಮಾಮೂಲಿ, ಕತ್ತಲಲ್ಲಿ ತೀರಾ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಮೇ ಬಿಟ್ಟರೆ ಯಾವಾಗ ಹೋಗಬಹುದು? ನಾವಿಬ್ಬರೇ, ರಿಟೈರ್ ಆದವರು.
— ಮೈಸೂರಿನ ದಂಪತಿ

ನಿಮಗೇನು, ಶಾಲೆ ರಜೆಯ ಹಂಗಿಲ್ಲ! ಸೆಪ್ಟೆಂಬರ್‌ನಲ್ಲಿ ಹೋಗಿ. ಮುಂಗಾರಿನ ಜೋರು ಇಳಿದಿರುತ್ತದೆ, ಬೆಟ್ಟವೆಲ್ಲ ಹಸಿರು, ಪೈಕಾರದ ನೀರು ತುಂಬಿರುತ್ತದೆ, ರೂಮಿನ ಬಾಡಿಗೆಯೂ ಮೇ ತಿಂಗಳಷ್ಟಿಲ್ಲ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹಿಂಗಾರು ಜೋರಾದರೆ ಕೂನೂರು–ಮೆಟ್ಟುಪಾಳ್ಯದ ಕಡೆ ಗುಡ್ಡ ಕುಸಿದು ರೈಲು ನಿಲ್ಲುವುದುಂಟು, ಆಗ ಬೇಡ. ಬೇಸಿಗೆಯಲ್ಲೇ ಹೋಗಬೇಕು ಅಂದರೆ ಏಪ್ರಿಲ್ ಮೊದಲ ವಾರ, ಸೋಮವಾರದಿಂದ ಗುರುವಾರದೊಳಗೆ. ಮೈಸೂರಿನಿಂದ ಬೆಳಗಿನ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿ, ಎಡಗಡೆ ಕಿಟಕಿಯೋ ಬಲಗಡೆಯೋ, ಬಂಡೀಪುರದಲ್ಲಿ ಎರಡೂ ಕಡೆ ಕಾಡೇ. ಇ-ಪಾಸ್ ಬೇಡ, ಪಾರ್ಕಿಂಗ್ ಚಿಂತೆ ಬೇಡ, ಘಾಟಿಯಲ್ಲಿ ಗೇರ್ ಹಾಕುವ ಕೆಲಸವೂ ನಿಮ್ಮದಲ್ಲ. ಹಿರಿಯರ ರಿಯಾಯಿತಿ ಸಿಗುತ್ತದಾ ಅಂತ ಬಸ್ ಸ್ಟ್ಯಾಂಡಿನ ಕೌಂಟರಿನಲ್ಲೇ ಕೇಳಿ, ಗುರುತಿನ ಚೀಟಿ ಜೊತೆಗಿರಲಿ.